ಹಗ್ಗದ ಈಚೆ

ಚಿನ್ನಸ್ವಾಮಿ ಕ್ರೀಡಾಂಗಣದ ಔಟ್‌ಫೀಲ್ಡ್‌ನಲ್ಲಿ, ಅಂದರೆ ಪಿಚ್‌ನ ಸುತ್ತಲಿನ ಬಯಲಿನಲ್ಲಿ, ಹುಲ್ಲಿನ ಕೆಳಗೆ ಇರುವುದು ಮಾಮೂಲಿ ಮಣ್ಣಲ್ಲ, ಮರಳು. ಅದರ ಕೆಳಗೆ ತೂತು ಕೊರೆದ ಕೊಳವೆಗಳು, ಕಿಲೋಮೀಟರ್‌ಗಟ್ಟಲೆ. ಅವೆಲ್ಲ ಹೋಗಿ ಸೇರುವುದು ಗಾಳಿ ಎಳೆಯುವ ದೊಡ್ಡ ಯಂತ್ರಕ್ಕೆ. ಮಳೆ ಬಿದ್ದಾಗ ಆ ಯಂತ್ರ ಓಡಿಸುತ್ತಾರೆ. ಅದು ಕೆಳಗಿನಿಂದ ಗಾಳಿ ಎಳೆದರೆ ಗಾಳಿಯ ಜೊತೆ ನೀರೂ ಇಳಿದುಬಿಡುತ್ತದೆ. ತಾನಾಗಿ ಇಂಗುವುದಕ್ಕಿಂತ 36 ಪಟ್ಟು ಬೇಗ, ನಿಮಿಷಕ್ಕೆ 10,000 ಲೀಟರ್ ಅಂತ 2017ರಲ್ಲಿ ಇದನ್ನು ಶುರು ಮಾಡಿದಾಗ ಹೇಳಿದ್ದರು. ಹೆಸರು ಸಬ್‌ಏರ್. ಅಮೆರಿಕದ ಅಗಸ್ಟಾ ಗಾಲ್ಫ್ ಮೈದಾನದ ಹುಲ್ಲು ಕಾಪಾಡಲು ಹುಟ್ಟಿದ ಐಡಿಯಾ ಇದು. ಕ್ರಿಕೆಟ್‌ಗೆ ತಂದಿದ್ದು ಜಗತ್ತಿನಲ್ಲೇ ಮೊದಲು ನಮ್ಮ ಬೆಂಗಳೂರು.

ಮಳೆ ಇಲ್ಲದ ದಿನಗಳಲ್ಲಿ ಅದೇ ಯಂತ್ರವನ್ನು ಉಲ್ಟಾ ಓಡಿಸಬಹುದು. ಆಗ ಅದು ಹುಲ್ಲಿನ ಬೇರಿಗೆ ಕೆಳಗಿನಿಂದ ಗಾಳಿ ಊದುತ್ತದೆ. ಬೇರು ಕೊಳೆಯಬಾರದು, ಉಸಿರಾಡಬೇಕು ಅಂತ.

ಇಷ್ಟು ಮುತುವರ್ಜಿ ಸುಮ್ನೆ ಬಂದದ್ದಲ್ಲ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಜೊತೆ ಇಲ್ಲಿ ಟೆಸ್ಟ್ ಇತ್ತು. ಎಬಿ ಡಿವಿಲಿಯರ್ಸ್‌ಗೆ ಅದು ನೂರನೇ ಟೆಸ್ಟ್. ಬೆಂಗಳೂರಿನವರಿಗೆ ಡಿವಿಲಿಯರ್ಸ್ ಅಂದರೆ ಮನೆ ಹುಡುಗ. ಮೊದಲ ದಿನ ಆಟ ಆಯಿತು. ಆಮೇಲೆ ನಾಲ್ಕು ದಿನ ಒಂದು ಚೆಂಡೂ ಬೀಳಲಿಲ್ಲ. ಐದು ದಿನದ ಟೆಸ್ಟ್‌ನಲ್ಲಿ ಒಂದೇ ದಿನದ ಆಟ. ಮಳೆ ನಿಂತ ಮೇಲೂ ನೆಲ ಒಣಗದಿದ್ದರೆ ಎಂಥ ನಷ್ಟ ಅಂತ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಬಂತು ಸಬ್‌ಏರ್. ಖರ್ಚು ನಾಲ್ಕು ಕೋಟಿ ಚಿಲ್ಲರೆ.

ದುಡ್ಡು ಹಾಕಿದ್ದಕ್ಕೆ ಕೆಲಸವೂ ಆಗಿದೆ. 2024ರ ಮೇ 18ರಂದು ಆರ್‌ಸಿಬಿ ಮತ್ತು ಚೆನ್ನೈ ಪಂದ್ಯ. ಗೆದ್ದರೆ ಸಾಲದು, ಇಷ್ಟು ರನ್‌ಗಳ ಅಂತರದಲ್ಲೇ ಗೆಲ್ಲಬೇಕು ಅನ್ನುವ ಪರಿಸ್ಥಿತಿ. ಮೂರು ಓವರ್ ಆಗುತ್ತಲೇ ಮಳೆ. ಹಳೇ ಕಾಲವಾಗಿದ್ದರೆ ಅವತ್ತಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮತ್ತೆ ಆಟ ಶುರುವಾಯಿತು, ಓವರ್ ಕಡಿತವೂ ಇಲ್ಲ. ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್ ಸೇರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆ. ಎರಡನೇ ದಿನ ಆಟ ಶುರುವಾಯಿತು, ಭಾರತ 46 ರನ್‌ಗೆ ಆಲೌಟ್! ಆ ಯಂತ್ರ ಸ್ವಲ್ಪ ನಿಧಾನಕ್ಕೆ ಕೆಲಸ ಮಾಡಿದ್ದರೆ ಮಾನ ಉಳಿಯುತ್ತಿತ್ತು ಅಂತ ಅವತ್ತು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನಗದೇ ಇನ್ನೇನು ಮಾಡುವುದು?

ಇನ್ನು ಅಹಮದಾಬಾದ್ ನೋಡಿ. 63 ಎಕರೆ, 1,32,000 ಆಸನ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಮೈದಾನ. ನಡುವೆ 11 ಪಿಚ್‌ಗಳು, ಕೆಲವು ಕೆಂಪು ಮಣ್ಣಿನವು, ಕೆಲವು ಕಪ್ಪು ಮಣ್ಣಿನವು. ನಾಲ್ಕು ಡ್ರೆಸ್ಸಿಂಗ್ ರೂಮ್. ಫ್ಲಡ್‌ಲೈಟ್‌ಗೆ ಕಂಬಗಳೇ ಇಲ್ಲ, ಛಾವಣಿಯ ಅಂಚಿನ ಸುತ್ತ ಎಲ್‌ಇಡಿ ದೀಪಗಳ ಬಳೆ. ನೆರಳು ಬೀಳುವುದೇ ಕಡಿಮೆ. ಇಷ್ಟೆಲ್ಲ ಇದ್ದೂ 2023ರ ಐಪಿಎಲ್ ಫೈನಲ್‌ನಲ್ಲಿ ಏನಾಯಿತು? ಮೊದಲ ದಿನ ಪೂರ್ತಿ ಮಳೆ. ಮರುದಿನ ಚೆನ್ನೈ ಬ್ಯಾಟಿಂಗ್ ಶುರು ಮಾಡುತ್ತಿದ್ದಂತೆ ಮತ್ತೆ ಮಳೆ. ಕವರ್ ಎಳೆಯುವಷ್ಟರಲ್ಲಿ ಪಕ್ಕದ ಪಿಚ್‌ಗಳು ಒದ್ದೆಯಾಗಿದ್ದವು. ಸಿಬ್ಬಂದಿ ಬಕೆಟ್ ಇಟ್ಟುಕೊಂಡು ಸ್ಪಂಜಿನಲ್ಲಿ ನೀರು ಹೀರಿ ಹಿಂಡುತ್ತಿದ್ದುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಟ ಮತ್ತೆ ಶುರುವಾದಾಗ ಮಧ್ಯರಾತ್ರಿ ದಾಟಿತ್ತು.

ಅವರನ್ನು ಹೀಯಾಳಿಸಲು ಹೇಳುತ್ತಿಲ್ಲ. ಪಿಚ್ ಜೇಡಿಮಣ್ಣಿನದು. ಅದು ನೀರನ್ನು ಬಿಡುವುದಿಲ್ಲ, ಬಿಡಬಾರದು ಕೂಡ, ಬಿಟ್ಟರೆ ಪಿಚ್ ಗಟ್ಟಿಯಾಗುವುದಿಲ್ಲ. ಎಷ್ಟೇ ಕೋಟಿ ಸುರಿದರೂ ಅಲ್ಲಿ ಸ್ಪಂಜೇ ಗತಿ. ಸಬ್‌ಏರ್ ಕೂಡ ಪಿಚ್‌ನ ಕೆಲಸಕ್ಕೆ ಬರುವುದಿಲ್ಲ, ಅದೇನಿದ್ದರೂ ಔಟ್‌ಫೀಲ್ಡ್‌ಗೆ. ಮಣ್ಣಿನ ವಿಷಯ ಬಂತಲ್ಲ, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. 2024ರಲ್ಲಿ ದೇವನಹಳ್ಳಿ ಕಡೆ ಬಿಸಿಸಿಐ ಹೊಸ ತರಬೇತಿ ಕೇಂದ್ರ ಶುರು ಮಾಡಿತು. ಅಲ್ಲಿ ಮುಂಬೈನ ಕೆಂಪು ಮಣ್ಣು, ಒಡಿಶಾದ ಕಾಲಾಹಂಡಿಯ ಕಪ್ಪು ಮಣ್ಣಿನ ಜೊತೆ ನಮ್ಮ ಮಂಡ್ಯದ ಮಣ್ಣಿನ ಪಿಚ್‌ಗಳೂ ಇವೆ. ಕಬ್ಬು ಬೆಳೆಯುವ ಸೀಮೆಯ ಮಣ್ಣಿನಲ್ಲಿ ಭಾರತ ತಂಡ ಅಭ್ಯಾಸ ಮಾಡುತ್ತದೆ. ನಮ್ಮ ಕ್ರೀಡಾಂಗಣಕ್ಕೆ ಹೆಸರಾದ ಎಂ. ಚಿನ್ನಸ್ವಾಮಿಯವರೂ ಮಂಡ್ಯದವರೇ.

ಚಿನ್ನಸ್ವಾಮಿಯಲ್ಲಿ ಇದೇ ಥರ ಹೆಮ್ಮೆಪಡುವ ಸಂಗತಿಗಳು ಇನ್ನೂ ಇವೆ. 2015ರಲ್ಲಿ ಛಾವಣಿಯ ಮೇಲೆ 400 ಕಿಲೋವ್ಯಾಟ್ ಸೋಲಾರ್ ಹಾಕಿದರು. ಮಳೆನೀರು ಕೊಯ್ಲು ಇದೆ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರ್ ಕಾಯುತ್ತಿದ್ದಾಗ, ಹುಲ್ಲಿಗೆ ನೀರು ಎಲ್ಲಿಂದ ತರುತ್ತೀರಿ ಅನ್ನುವ ಪ್ರಶ್ನೆ ಎದ್ದಿತ್ತು. ಆಗ ಜಲಮಂಡಳಿ ಕಬ್ಬನ್ ಪಾರ್ಕ್‌ನಲ್ಲಿ ಶುದ್ಧೀಕರಿಸಿದ ನೀರನ್ನು ಕೊಡಲು ಒಪ್ಪಿತು. ಫ್ಲಡ್‌ಲೈಟ್ ಬಂದದ್ದು 1996ರ ವಿಶ್ವಕಪ್‌ಗೆ. ಆ ಬೆಳಕಿನಲ್ಲಿ ಮೊದಲು ನೋಡಿದ್ದೇ ಪಾಕಿಸ್ತಾನದ ಎದುರಿನ ಕ್ವಾರ್ಟರ್ ಫೈನಲ್. ಆಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು. ಇದನ್ನು ಎಷ್ಟು ಸಲ ಹೇಳಿದರೂ ಬೇಜಾರಾಗಲ್ಲ, ಅಲ್ವಾ?

ಮೇಲೆ ಹೇಳಿದ್ದನ್ನೆಲ್ಲ ಒಮ್ಮೆ ತಿರುಗಿ ನೋಡಿ. ಮರಳು, ಕೊಳವೆ, ಪಿಚ್, ದೀಪ. ಎಲ್ಲವೂ ಒಂದೋ ಬೌಂಡರಿ ಹಗ್ಗದ ಆಚೆ ಇರುವಂಥವು, ಇಲ್ಲಾ ಆ ಹಗ್ಗದ ಆಚೆಗಾಗಿ ಇರುವಂಥವು. ಆಟಗಾರರು ಇರುವ ಕಡೆ. ಕ್ಯಾಮೆರಾ ತಿರುಗಿರುವ ಕಡೆ. ನಾವು ಕೂರುವುದು ಹಗ್ಗದ ಈಚೆ.

ಈಚೆ ಕಡೆ ಏನಿರುತ್ತದೆ ಅಂತ ಮ್ಯಾಚ್‌ಗೆ ಹೋದವರಿಗೆ ಗೊತ್ತು. ಬೇರೊಂದು ಊರಿನ ಸ್ಟೇಡಿಯಂ ಒಂದರಲ್ಲಿ, ಹೆಸರು ಬೇಡ, ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದ ಪಂದ್ಯ ನೋಡಿದ್ದೆ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು. ಭದ್ರತೆ, ಸರಿ. ಒಳಗೆ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಅಂತ ಕೇಳಿದರೆ ಒಬ್ಬರು ಎಡಕ್ಕೆ ಕೈ ತೋರಿಸಿದರು, ಇನ್ನೊಬ್ಬರು ಬಲಕ್ಕೆ. ಮಾರುವ ನೀರು ಇನ್ನಿಂಗ್ಸ್ ಮುಗಿಯುವ ಮೊದಲೇ ಖಾಲಿ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಶೌಚಾಲಯಕ್ಕೆ ಅಂತ ಎದ್ದು ಹೋದವಳು ಆರೇಳು ಓವರ್ ಆದ ಮೇಲೆ ಬಂದು, "ಬಾಗಿಲಿಗೆ ಚಿಲಕಾನೇ ಇಲ್ಲ ಕಣ್ರೀ" ಅಂದಳು. ಅದೇ ಹೊತ್ತಿಗೆ ಮುಂದಿನ ದೊಡ್ಡ ಪರದೆಯ ಮೇಲೆ, ಈ ಮೈದಾನ ವಿಶ್ವ ದರ್ಜೆಯದು ಅಂತ ಜಾಹೀರಾತು ಓಡುತ್ತಿತ್ತು.

ನಮ್ಮಪ್ಪನಿಗೆ 1974ರ ಟೆಸ್ಟ್ ಈಗಲೂ ನೆನಪಿದೆ. ಚಿನ್ನಸ್ವಾಮಿಯ ಮೊದಲ ಟೆಸ್ಟ್ ಅದು. ವೆಸ್ಟ್ ಇಂಡೀಸ್‌ನ ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ ಒಂದು ಇನ್ನಿಂಗ್ಸ್‌ನಲ್ಲಿ 93, ಇನ್ನೊಂದರಲ್ಲಿ 107. ಅಪ್ಪ ಆ ಹೊಡೆತಗಳನ್ನು ಕೈಯಲ್ಲಿ ಮಾಡಿ ತೋರಿಸುತ್ತಾರೆ. ಈಗ ಅವರಿಗೆ ಮಂಡಿ ನೋವು. ಮೇಲಿನ ಸ್ಟ್ಯಾಂಡ್‌ನ ಮೆಟ್ಟಿಲು ಹತ್ತಲು ಆಗಲ್ಲ. "ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ ಬಿಡೋ" ಅನ್ನುತ್ತಾರೆ. ನಿಜ, ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಕ್ರಿಕೆಟ್ ಈಗ ನಡೆಯುವುದೇ ಟಿವಿಗಾಗಿ.

ಇದು ಬರೀ ಗೊಣಗಾಟವಲ್ಲ, ಲೆಕ್ಕ ಇದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಒಟ್ಟು 410 ಪಂದ್ಯ ಅಂತ ಲೆಕ್ಕ. ಭಾಗಿಸಿ ನೋಡಿ, ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಇನ್ನು ಟಿಕೆಟ್. ಚಿನ್ನಸ್ವಾಮಿಯಲ್ಲಿ 35,000 ಜನ, ತಲೆಗೆ ಸರಾಸರಿ 3,000 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳೋಣ. ಹತ್ತೂವರೆ ಕೋಟಿ. ಅಂದರೆ ಗೇಟಿನಲ್ಲಿ ಬರುವ ದುಡ್ಡು ಪರದೆಯಲ್ಲಿ ಬರುವ ದುಡ್ಡಿನ ಹತ್ತನೇ ಒಂದು ಭಾಗವೂ ಅಲ್ಲ. ಮಳೆಯಿಂದ ಒಂದು ಪಂದ್ಯ ತೊಳೆದುಹೋದರೆ ಎಷ್ಟು ನಷ್ಟ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ನಾಲ್ಕು ಕೋಟಿಯ ಯಂತ್ರ ಅಗ್ಗ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಯಾರಿಗೂ ಒಂದು ರೂಪಾಯಿ ನಷ್ಟವಿಲ್ಲ. ಟಿಕೆಟ್ ಹೇಗಿದ್ದರೂ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ. ಮೈದಾನ ನಡೆಸುವವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ದುಡ್ಡು ಎಲ್ಲಿಂದ ಬರುತ್ತದೋ ಕಾಳಜಿ ಆ ಕಡೆಗೇ ಹರಿಯುತ್ತದೆ, ಅಷ್ಟೇ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ಹದಿನೆಂಟು ವರ್ಷ ಕಾದ ಮೇಲೆ "ಈ ಸಲ ಕಪ್ ನಮ್ದೇ" ಅಂದದ್ದು ನಿಜವಾಯಿತು. ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನಕ್ಕೆ ಗಾಯ. 35,000 ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದಿದ್ದರು ಅಂತ ಮುಖ್ಯಮಂತ್ರಿಯೇ ಹೇಳಿದರು. ಯಾರು ಕರೆದರು, ಯಾರು ಅನುಮತಿ ಕೊಟ್ಟರು, ಯಾರು ಗೇಟು ಮುಚ್ಚಿದರು ಅನ್ನುವುದರ ಮೇಲೆ ಬೇಕಾದಷ್ಟು ಜಗಳ ಆಗಿದೆ. ಅದನ್ನು ನಾನು ಇಲ್ಲಿ ಎಳೆಯುವುದಿಲ್ಲ. ಇಂಥ ಕಡೆ ಬಹಳ ಜನ ಸಾಯುವುದು ಕಾಲಡಿ ಸಿಕ್ಕಿ ಅಲ್ಲ. ನಿಂತಲ್ಲೇ, ನಾಲ್ಕೂ ಕಡೆಯಿಂದ ಒತ್ತಿ, ಎದೆ ಹಿಗ್ಗಿಸಲು ಜಾಗ ಸಿಗದೆ, ಉಸಿರು ನಿಂತು.

ಈ ದುರಂತದ ತನಿಖೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗ ಕೊಟ್ಟ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಕಟ್ಟಡದ ಬಗ್ಗೆ ಇರುವುದು. ಈ ಮೈದಾನದ ವಿನ್ಯಾಸವೇ ಇಷ್ಟು ದೊಡ್ಡ ಜನಸಂದಣಿಗೆ ತಕ್ಕದ್ದಲ್ಲ, ಸುರಕ್ಷಿತವಲ್ಲ ಅಂತ ಆಯೋಗ ಹೇಳಿತು. ಇಂಥ ಜಾಗಕ್ಕೆ ಏನೇನು ಬೇಕು ಅಂತಲೂ ಹೇಳಿತು. ಸಾಲು ನಿಲ್ಲಲು ರಸ್ತೆಯಿಂದ ಬೇರೆಯಾದ ಸ್ವಂತ ಜಾಗ, ಒಟ್ಟಿಗೇ ಬಂದು ಒಟ್ಟಿಗೇ ಹೋಗುವ ಜನಕ್ಕೆ ಸಾಕಾಗುವಷ್ಟು ಗೇಟು, ಬಸ್ಸು ಮೆಟ್ರೋ ಸಂಪರ್ಕ, ಸರಿಯಾದ ಶೌಚಾಲಯ, ತುರ್ತಿನಲ್ಲಿ ಖಾಲಿ ಮಾಡಿಸುವ ಯೋಜನೆ, ವಾಹನ ನಿಲ್ಲಿಸುವ ಜಾಗ. ಮುಂದೆ ಅದೇ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು, ನಮ್ಮ ಬದಲಿಗೆ ನವಿ ಮುಂಬೈ ಆಯ್ಕೆಯಾಯಿತು. ನಮ್ಮ ಹುಡುಗಿಯರು ಕಪ್ ಎತ್ತಿದ್ದೂ ಅಲ್ಲಿಯೇ.

ಚಿನ್ನಸ್ವಾಮಿಗೆ ಇರುವುದು ಸುಮಾರು 17 ಎಕರೆ. 1969ರಲ್ಲಿ ಅಡಿಗಲ್ಲು ಹಾಕಿದಾಗ ಅದು ಜಾಸ್ತಿಯೇ ಅನ್ನಿಸಿರಬೇಕು. ಆಮೇಲೆ ಸ್ಟ್ಯಾಂಡ್‌ಗಳು ಮೇಲಕ್ಕೆ ಬೆಳೆದವು, ಕಾರ್ಪೊರೇಟ್ ಬಾಕ್ಸ್ ಬಂದವು, ಆಸನ ಹೆಚ್ಚಿದವು. ಸುತ್ತಲಿನ ಜಾಗ ಹೆಚ್ಚಲಿಲ್ಲ. ಹೆಚ್ಚುವುದಾದರೂ ಎಲ್ಲಿಗೆ? ಒಂದು ಕಡೆ ಕಬ್ಬನ್ ಪಾರ್ಕ್, ಇನ್ನೊಂದು ಕಡೆ ಎಂ.ಜಿ. ರಸ್ತೆ, ಮತ್ತೊಂದು ಕಡೆ ಕ್ವೀನ್ಸ್ ರಸ್ತೆ. ಗೇಟು ದಾಟಿದರೆ ಫುಟ್‌ಪಾತ್, ಫುಟ್‌ಪಾತ್ ಇಳಿದರೆ ಬಸ್ಸು. ಮದುವೆ ಛತ್ರದ ಊಟದ ಮನೆಗೆ ಒಂದೇ ಬಾಗಿಲಿದ್ದು, ಉಂಡವರೂ ಉಣ್ಣಬೇಕಾದವರೂ ಅದರಲ್ಲೇ ಎದುರಾದರೆ ಹೇಗಿರುತ್ತದೆ, ಹಾಗೆ.

ಬಾಗಿಲು ಎಷ್ಟು ಅಗಲ ಇರಬೇಕು ಅನ್ನುವುದಕ್ಕೂ ಲೆಕ್ಕವಿದೆ. ಬ್ರಿಟನ್‌ನವರು ಇದನ್ನು ಹೆಣ ಎಣಿಸಿ ಕಲಿತರು. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದ ಮೆಟ್ಟಿಲ ಮೇಲೆ 66 ಜನ ಸತ್ತರು. ಅದಾದ ಮೇಲೆ 1973ರಲ್ಲಿ ಮೈದಾನಗಳ ಸುರಕ್ಷತೆಗೆ ಒಂದು ಕೈಪಿಡಿ ಬಂತು, ಹಸಿರು ಕೈಪಿಡಿ ಅಂತಲೇ ಹೆಸರಾಗಿದೆ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ 97 ಜನ ಸತ್ತ ದುರಂತದ ಮೇಲೆ ಅದು ಇನ್ನೂ ಬಿಗಿಯಾಯಿತು. ಆ ಕೈಪಿಡಿಯ ಪ್ರಕಾರ ಪಂದ್ಯ ಮುಗಿದ ಮೇಲೆ ಜನ ಎಂಟು ನಿಮಿಷದಲ್ಲಿ ಹೊರಬೀಳುವಂತಿರಬೇಕು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹೋಗಬಲ್ಲರು. ಮೆಟ್ಟಿಲಾದರೆ 66. ಅಲ್ಲಿಗೆ, ಸಮತಟ್ಟು ದಾರಿಯಲ್ಲೇ ಒಂದು ಮೀಟರ್ ಅಗಲದ ಬಾಗಿಲು ಎಂಟು ನಿಮಿಷಕ್ಕೆ 656 ಜನರನ್ನು ಬಿಡುತ್ತದೆ. 35,000 ಜನಕ್ಕೆ 53 ಮೀಟರ್‌ಗೂ ಸ್ವಲ್ಪ ಹೆಚ್ಚು. ಬೀಗ ಇಲ್ಲದ, ಬ್ಯಾರಿಕೇಡ್ ಇಲ್ಲದ, ಎದುರಿಗೆ ಪೊಲೀಸ್ ಜೀಪು ನಿಂತಿರದ 53 ಮೀಟರ್.

ನಮ್ಮಲ್ಲೂ ಪಾಠಗಳಿಗೆ ಬರ ಇರಲಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯದಲ್ಲಿ 16 ಜನ ಸತ್ತರು. ಕೋಲ್ಕತ್ತಾದವರು ಆ ದಿನವನ್ನು ಇವತ್ತಿಗೂ ನೆನೆಯುತ್ತಾರೆ. ಗೇಟಿನ ಅಗಲ ಅಳೆಯುವುದು ಮಾತ್ರ ನಮಗೆ ಅಭ್ಯಾಸವಾಗಲಿಲ್ಲ.

ಪರ್ತ್‌ನಲ್ಲಿರುವ ನನ್ನ ಗೆಳೆಯ ಅಲ್ಲಿನ ಹೊಸ ಮೈದಾನದ ಬಗ್ಗೆ ಹೇಳಿದ್ದು ಕೇಳಿ ಹೊಟ್ಟೆ ಉರಿದಿತ್ತು. 2018ರಲ್ಲಿ ಶುರುವಾದದ್ದು, 60,000 ಆಸನ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೊಹ್ಲಿ 123 ಹೊಡೆದದ್ದು ಅಲ್ಲೇ. ಪಿಚ್ ಹೊರಗೆ ಬೆಳೆಸಿ ತಂದು ಕೂರಿಸುವಂಥದ್ದು. ಆದರೆ ಗೆಳೆಯ ಅದನ್ನೆಲ್ಲ ಹೇಳಲೇ ಇಲ್ಲ. ಅವನು ಹೇಳಿದ್ದು ರೈಲು ನಿಲ್ದಾಣದ ಬಗ್ಗೆ. ಮೈದಾನದ ಪಕ್ಕದಲ್ಲೇ ಆರು ಪ್ಲಾಟ್‌ಫಾರಂ ಇರುವ ನಿಲ್ದಾಣವನ್ನು ಮೈದಾನದ ಜೊತೆಗೇ ಕಟ್ಟಿದರು. ಸ್ವಾನ್ ನದಿಯ ಮೇಲೆ ನಡೆದು ಹೋಗುವವರಿಗೇ ಅಂತ ಒಂದು ಸೇತುವೆ. ಎಷ್ಟೋ ಪಂದ್ಯಗಳ ಟಿಕೆಟ್‌ನಲ್ಲೇ ರೈಲು, ಬಸ್ಸಿನ ಪ್ರಯಾಣವೂ ಸೇರಿರುತ್ತದೆ. "ಮ್ಯಾಚ್ ಸೋತರೂ ಮನೆಗೆ ಬರೋದು ಕಷ್ಟ ಆಗಲ್ಲ ಮಾರಾಯ" ಅಂದ.

ಹಾಗಂತ ಚಿನ್ನಸ್ವಾಮಿಯನ್ನು ಬಿಟ್ಟು ಊರಾಚೆ ಹೋಗೋಣ ಅನ್ನುವವರ ಮಾತಿಗೆ ನಾನು ಪೂರ್ತಿ ತಲೆಯಾಡಿಸಲಾರೆ. ಊರ ನಡುವೆ ಇರುವುದೇ ಒಂದು ಸೌಲಭ್ಯ. ಕಬ್ಬನ್ ಪಾರ್ಕ್ ಮೆಟ್ರೋ ಇಳಿದು ನಡೆದು ಹೋಗಬಹುದು. ಆಫೀಸು ಮುಗಿಸಿ ಎರಡನೇ ಇನ್ನಿಂಗ್ಸ್‌ಗೆ ಓಡಿ ಬರಬಹುದು. ಪಂದ್ಯ ಮುಗಿದ ಮೇಲೆ ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ ಕುಡಿಯುತ್ತಾ ಆ ಕೊನೇ ಓವರ್ ಬಗ್ಗೆ ಜಗಳ ಆಡಬಹುದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತೆಳು ಗಾಳಿ, ಹತ್ತಿರದ ಬೌಂಡರಿ. ಗೇಲ್ 175 ಹೊಡೆದದ್ದು, ಕುಂಬ್ಳೆ ಮತ್ತು ಶ್ರೀನಾಥ್ 1996ರಲ್ಲಿ ಆಸ್ಟ್ರೇಲಿಯಾದ ಕೈಯಿಂದ ಪಂದ್ಯ ಕಿತ್ತುಕೊಂಡದ್ದು ಎಲ್ಲ ಇಲ್ಲೇ. ನನ್ನ ಪ್ರಕಾರ ಮಾಡಬೇಕಾದ್ದು ಒಂದು. ಗೇಟುಗಳ ಅಗಲ ಅಳೆಯಿರಿ. ಎಂಟು ನಿಮಿಷದಲ್ಲಿ ಎಷ್ಟು ಜನ ಹೊರಹೋಗಬಲ್ಲರೋ ಅಷ್ಟೇ ಟಿಕೆಟ್ ಮಾರಿ. 25,000 ಆದರೆ 25,000, 20,000 ಆದರೆ 20,000. ತೆಗೆದ ಆಸನಗಳ ಜಾಗದಲ್ಲಿ ಸಾಲು ನಿಲ್ಲುವ ಅಂಗಳ ಮಾಡಿ, ಶೌಚಾಲಯ ಕಟ್ಟಿ, ಒಂದು ಲಿಫ್ಟ್ ಹಾಕಿ. ಇದಕ್ಕೆ ಯಾರೂ ಒಪ್ಪುವುದಿಲ್ಲ ಅಂತ ನನಗೂ ಗೊತ್ತು. ಆದರೂ ಮೇಲಿನ ಲೆಕ್ಕ ನೋಡಿ. ಹತ್ತು ಸಾವಿರ ಟಿಕೆಟ್ ಕಡಿಮೆಯಾದರೆ ಹೋಗುವುದು ಮೂರು ಕೋಟಿ. 118ರ ಮುಂದೆ ಮೂರು.

ಈ ನಡುವೆ ಸರ್ಕಾರ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನ ಹಿಡಿಸುವ ಹೊಸ ಕ್ರೀಡಾಂಗಣದ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. 1,650 ಕೋಟಿ ಅಂತ ಪತ್ರಿಕೆಯಲ್ಲಿ ಬಂದಿತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಕೂಡ ಬೊಮ್ಮಸಂದ್ರದವರೆಗೆ ಬಂತು. ಅದು ಆ ಸಾಲಿನ ಕೊನೆಯ ನಿಲ್ದಾಣ. ಅಲ್ಲಿಂದ ಮುಂದಕ್ಕೆ ಸೂರ್ಯನಗರಕ್ಕೆ ಹೇಗೆ, ರಾತ್ರಿ ಹನ್ನೊಂದೂವರೆಗೆ ಅಲ್ಲಿಂದ ಯಲಹಂಕಕ್ಕೆ ಹೇಗೆ ಅನ್ನುವುದನ್ನು ಈಗಲೇ ಕೇಳಬೇಕು, ಕಟ್ಟಿ ಮುಗಿದ ಮೇಲಲ್ಲ. ಜಾಗ ಜಾಸ್ತಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಇನ್ನೇನು ನಕ್ಷೆ ಹೊರಬರುತ್ತದೆ. ಕಂಪ್ಯೂಟರ್‌ನಲ್ಲಿ ಮಾಡಿದ ಚಂದದ ಚಿತ್ರಗಳೂ ಬರುತ್ತವೆ, ಹಾರುವ ಛಾವಣಿ, ನೇರಳೆ ಬಣ್ಣದ ದೀಪ, ಹಸಿರು ಹುಲ್ಲು. ಹುಲ್ಲಿನ ಕೆಳಗೆ ಮರಳು ಇದ್ದೇ ಇರುತ್ತದೆ, ಅದರ ಚಿಂತೆ ನನಗಿಲ್ಲ. ನಾನು ಹುಡುಕುವುದು ಗೇಟುಗಳ ಪುಟವನ್ನು. 80,000 ಜನಕ್ಕೆ, ಅದೇ ಕೈಪಿಡಿಯ ಲೆಕ್ಕದಲ್ಲಿ, 122 ಮೀಟರ್ ಇರಬೇಕು.